ಮುಚ್ಚಿಟ್ಟರೆ ಉಳಿಯುವ ರೋಗವಲ್ಲ ಇದು

ಮಾದಕ ವಸ್ತುಗಳ ಬಗೆಗಿನ ಖುತ್ಬಾದ ನಂತರ ಹಲವರು ನಮ್ಮಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಗಾಂಜಾ, ಎಂಡಿಎಂಎ ಸೇವಿಸುವ ಹುಡುಗನ ನಿಕಾಹ್‌ಗೆ ಜಮಾಅತ್ ಸಹಕರಿಸಬೇಕೇ?

ಕೇಳಿದವರ ಕಳವಳ ನಮಗೆ ಅರ್ಥವಾಗುತ್ತದೆ. ಆದರೆ ಮಾರುವವನನ್ನೂ ಸೇವಿಸುವವನನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಆಗುವುದೇನು? ಮಗನ ಚಟ ಮೊದಲು ತಿಳಿಯುವುದು ತಾಯಿಗೆ. ಮಗಳ ಸಂಬಂಧ ಮುರಿದೀತೆಂದು ಆಕೆ ಬಾಯಿ ಬಿಡುವುದಿಲ್ಲ. ವಿಷಯ ಹೊರಬೀಳುವಾಗ ಪೊಲೀಸರು ಬಾಗಿಲಲ್ಲಿರುತ್ತಾರೆ.

ಅಮಲು ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಸೂರಾ ಅಲ್ ಮಾಇದಾದ 90, 91ನೇ ಸೂಕ್ತಗಳು ಮದ್ಯ ಮತ್ತು ಜೂಜನ್ನು ನಿಷೇಧಿಸುವಾಗ, ಅವು ಜನರ ನಡುವೆ ಹಗೆತನ ಹುಟ್ಟಿಸುವುದನ್ನೂ ಕಾರಣವಾಗಿ ತಿಳಿಸುತ್ತವೆ. ಇಂದು ಆ ಹಗೆತನ ಹುಟ್ಟುವ ಬಗೆ ಹೀಗೆ: ಮೊದಲು ಗೆಳೆಯನೊಬ್ಬ ಪುಕ್ಕಟೆ ಕೊಡುತ್ತಾನೆ, ಆಮೇಲೆ ಸಾಲಕ್ಕೆ. ಸಾಲ ಬೆಳೆದಾಗ, ಈ ಪೊಟ್ಟಣ ಇಂಥವನಿಗೆ ಮುಟ್ಟಿಸು ಎನ್ನುತ್ತಾನೆ. ಒಪ್ಪಿದರೆ ಹುಡುಗ ಸಾಗಾಟಗಾರನಾದ. ಒಪ್ಪದಿದ್ದರೆ ವಸೂಲಿಗೆ ಚೂರಿ ಬರುತ್ತದೆ.

1985ರ ಎನ್‌ಡಿಪಿಎಸ್ ಕಾಯ್ದೆಯೂ ಪ್ರಮಾಣ ನೋಡುತ್ತದೆ. ಎಂಡಿಎಂಎ ಅರ್ಧ ಗ್ರಾಂವರೆಗೆ ಅಲ್ಪ ಪ್ರಮಾಣ. 10 ಗ್ರಾಂ ಮೀರಿತೋ, ಕನಿಷ್ಠ 10 ವರ್ಷ ಕಠಿಣ ಸಜೆ. ಹತ್ತು ಗ್ರಾಂ ಎಂದರೆ ಎರಡು ಮೂರು ಚಮಚ ಸಕ್ಕರೆಯ ತೂಕ! ಇದೇ ಕಾಯ್ದೆಯ 64ಎ ಕಲಂ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ಸ್ವಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪದಲ್ಲಿ ಮೊಕದ್ದಮೆಯಿಂದ ರಕ್ಷಣೆಯಿದೆ. ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು.

ಪದೇ ಪದೇ ಕುಡಿದು ಶಿಕ್ಷೆಗೊಳಗಾದ ವ್ಯಕ್ತಿಯನ್ನು ಒಬ್ಬರು ಶಪಿಸಿದಾಗ ಪ್ರವಾದಿ(ಸ)ರು ತಡೆದರು, ಅವನಲ್ಲಿ ಅಲ್ಲಾಹ್ ಮತ್ತು ರಸೂಲರ ಮೇಲೆ ಪ್ರೀತಿಯಿದೆ ಎಂದರು. ಬುಖಾರಿಯಲ್ಲಿರುವ ಹದೀಸ್ ಇದು. ಶಿಕ್ಷೆ ತಪ್ಪಲಿಲ್ಲ, ಆದರೆ ಅವನನ್ನು ಹೊರಗೆ ತಳ್ಳಲೂ ಇಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಮಾರುವವನಿಗೆ ರಿಯಾಯಿತಿ ಬೇಡ, ಅವನ ಹಣ ಮಸೀದಿಯ ಡಬ್ಬಿಗೂ ಬೇಡ. ಸೇವಿಸುವವನ ಮನೆಯವರು ಮಾತ್ರ ಹೆದರದೆ ಬರುವಂತಾಗಲಿ. ಗುಟ್ಟು ಕಾಯಬಲ್ಲ ಇಬ್ಬರನ್ನು ಜಮಾಅತ್ ಇದಕ್ಕೆಂದೇ ನೇಮಿಸಲಿ, ಅವರಲ್ಲೊಬ್ಬರು ಮಹಿಳೆಯಾಗಿರಲಿ. ಹುಡುಗಿಯ ಕಡೆಯವರು ವಿಚಾರಿಸಿದಾಗ ಸುಳ್ಳು ಹೇಳುವಂತಿಲ್ಲ; ಚಿಕಿತ್ಸೆ ಮುಗಿಯುವ ತನಕ ನಿಕಾಹ್ ಮುಂದೂಡಿ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುವುದು ಇನ್ನೊಬ್ಬರ ಮಗಳ ಮೇಲಿನ ಪ್ರಯೋಗ.

ತಾವೀಝ್ ಕಟ್ಟಿ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ, ಅಥವಾ 14446 ಸಹಾಯವಾಣಿಗೆ ಕರೆ ಮಾಡಿರಿ. ಹುಡುಗ ಬಡವನಾಗಿದ್ದರೆ ಚಿಕಿತ್ಸೆಯ ಖರ್ಚಿಗಾಗಿ ಅವನಿಗೆ ಝಕಾತ್ ಕೊಡಬಹುದು.