ಅರಿವಳಿಕೆಯ ಆಳ ಅಳೆದವರು

ಮೊದಲ ಮಹಾಯುದ್ಧದ ಕಾಲ. ಅಮೆರಿಕದ ವೈದ್ಯ ಆರ್ಥರ್ ಗುಡೆಲ್ ಫ್ರಾನ್ಸಿನಲ್ಲಿ ಮೋಟಾರ್ ಸೈಕಲ್ ಏರಿ ಒಂದು ಸೇನಾ ಆಸ್ಪತ್ರೆಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ಗಾಯಾಳುಗಳು ಸಾಲುಗಟ್ಟಿದ್ದರು. ಮಂಪರು ತರಿಸುವ ಈಥರ್ ಇತ್ತು, ಅದನ್ನು ಕೊಡಬಲ್ಲವರು ಸಾಲುತ್ತಿರಲಿಲ್ಲ. ಗುಡೆಲ್ ದಾದಿಯರಿಗೂ ಸಹಾಯಕರಿಗೂ ಕಲಿಸಿ, ಕೈಗೊಂದು ನಕ್ಷೆ ಕೊಟ್ಟರು. ಕಣ್ಣುಗುಡ್ಡೆ ಅತ್ತಿತ್ತ ಹೊರಳುತ್ತಿದ್ದರೆ ಮಂಪರು ಇನ್ನೂ ಹಗುರ. ಹೊರಳಾಟ ನಿಂತರೆ ಆಳಕ್ಕಿಳಿದಿದೆ. ಎದೆ ಏರದೆ ಹೊಟ್ಟೆಯಷ್ಟೇ ಉಬ್ಬುತ್ತಿದ್ದರೆ ಅತಿಯಾಗಿದೆ. ಉಸಿರೇ ನಿಂತರೆ ಸಾವು ಹೊಸ್ತಿಲಲ್ಲಿದೆ.

ಈ ಬಗೆಯ ಎಚ್ಚರ ಗುಡೆಲ್‌ಗಿಂತ ಹಳೆಯದು. ಬಾಸ್ಟನ್‌ನಲ್ಲಿ 1846ರ ಅಕ್ಟೋಬರ್ 16ರಂದು ಶಸ್ತ್ರಚಿಕಿತ್ಸೆಯೊಂದರಲ್ಲಿ ಈಥರ್ ಎಲ್ಲರ ಮುಂದೆ ಗೆದ್ದಿತು. ಮರುವರ್ಷವೇ ಲಂಡನ್ನಿನ ಜಾನ್ ಸ್ನೋ (ಕಾಲರಾ ನೀರಿನಿಂದ ಹರಡುತ್ತದೆಂದು ಮುಂದೆ ವಾದಿಸಿದವರು ಇವರೇ) ಮಂಪರಿನ ಐದು ಹಂತಗಳನ್ನು ಬರೆದಿಟ್ಟರು. ಬೆಚ್ಚಗಿನ ಕೋಣೆಯಲ್ಲಿ ಈಥರ್ ಹೆಚ್ಚು ಆವಿಯಾಗಿ ಪ್ರಮಾಣ ತಪ್ಪುತ್ತದೆಂದು ಅರಿತು, ತಮ್ಮ ಉಪಕರಣವನ್ನು ನೀರಿನಲ್ಲಿಟ್ಟು ಉಷ್ಣತೆ ಹಿಡಿದಿಟ್ಟರು. ಅರಿವಳಿಕೆಯನ್ನು ಲೆಕ್ಕದ ವಿದ್ಯೆ ಮಾಡಿದವರಲ್ಲಿ ನಾನು ಮೊದಲು ನೆನೆಯುವುದು ಸ್ನೋ ಅವರನ್ನು.

ಗುಡೆಲ್ ನಕ್ಷೆಯ ಬುಡ ಅಲುಗಿದ್ದು 1942ರ ಜನವರಿ 23ರಂದು. ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಶಸ್ತ್ರಚಿಕಿತ್ಸೆಯ ವೇಳೆ ಕ್ಯುರಾರೆ ಕೊಟ್ಟರು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ವಿಷವದು. ಸ್ನಾಯುಗಳೆಲ್ಲ ಸಡಿಲವಾದವು, ಶಸ್ತ್ರವೈದ್ಯರಿಗೆ ಕೆಲಸ ಹಗುರವಾಯಿತು, ಆಳವಾದ ಈಥರಿನ ಅಪಾಯ ತಗ್ಗಿತು. ಆದರೆ ಸ್ನಾಯು ಸಡಿಲಿಸುವ ಮದ್ದು ಬಿದ್ದವರು ಕೈಕಾಲು ಒದರಲಾರರು, ಬಿರುಸಾಗಿ ಉಸಿರೆಳೆಯಲಾರರು, ಕಣ್ಣು ಹೊರಳಿಸಲಾರರು. ಒಳಗೆ ಎಚ್ಚರವಿದ್ದರೂ ಹೊರಗೆ ನಿದ್ರೆಯಂತೆಯೇ ಕಾಣುತ್ತದೆ. ಆಪರೇಷನ್ ಟೇಬಲ್ ಮೇಲೆ ಹೋಗುವವರನ್ನು ಇಂದಿಗೂ ಕಾಡುವ ಭಯ ಇದೇ.

ಅಳತೆಗೋಲು ಬಂದದ್ದು ಅರವತ್ತರ ದಶಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಎಡ್ಮಂಡ್ ಎಗರ್ ಮತ್ತು ಸಂಗಡಿಗರು ಸರಳವಾದೊಂದು ಪ್ರಶ್ನೆ ಹಿಡಿದರು: ಚರ್ಮಕ್ಕೆ ಚಾಕು ತಾಗಿದಾಗ ನೂರಕ್ಕೆ ಐವತ್ತು ಜನ ಅಲುಗದಿರಲು ಶ್ವಾಸಕೋಶದ ಗಾಳಿಗೂಡುಗಳಲ್ಲಿ ಎಷ್ಟು ಅನಿಲ ಇರಬೇಕು? ಆ ಪ್ರಮಾಣಕ್ಕೆ ಮ್ಯಾಕ್ ಎಂದು ಹೆಸರಾಯಿತು. ಹ್ಯಾಲೋಥೇನ್‌ಗೆ ಅದು ಸುಮಾರು ಶೇ 0.75, ಇಂದು ಹೆಚ್ಚು ಬಳಕೆಯಲ್ಲಿರುವ ಸೆವೊಫ್ಲುರೇನ್‌ಗೆ ಶೇ 2ರ ಆಸುಪಾಸು. ನಗೆ ಅನಿಲಕ್ಕೆ ಶೇ 104! ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ಅದೊಂದರಿಂದಲೇ ಶಸ್ತ್ರಚಿಕಿತ್ಸೆಗೆ ತಕ್ಕ ಆಳ ಸಿಗದು.

ಅಳತೆ ಗಟ್ಟಿಯಾಗಿತ್ತು. ಅದು ಅಳೆಯುತ್ತಿದ್ದದ್ದು ಏನನ್ನು ಎಂಬುದು ತಿಳಿಯಲು ಮೂವತ್ತು ವರ್ಷ ಹಿಡಿಯಿತು. 1993ರಲ್ಲಿ ಇರಾ ರ‍್ಯಾಂಪಿಲ್ ಮತ್ತು ಜತೆಗಾರರು ಇಲಿಗಳ ಮುಂಮೆದುಳನ್ನು ತೆಗೆದು ಮ್ಯಾಕ್ ಅಳೆದರು. ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಚಾಕು ತಾಗಿದಾಗ ಅಲುಗಬೇಕೋ ಬೇಡವೋ ಎಂಬುದನ್ನು ಬಹುಪಾಲು ಬೆನ್ನುಹುರಿಯೇ ನಿರ್ಧರಿಸುತ್ತಿತ್ತು. ರೋಗಿ ಕೇಳುವುದು ‘ನನಗೆ ಎಚ್ಚರವಾಗುತ್ತದೆಯೇ?’ ಎಂದು. ಮ್ಯಾಕ್ ಉತ್ತರಿಸುವುದು ‘ಅಲುಗುತ್ತೀರಾ?’ ಎಂಬುದಕ್ಕೆ. ಈ ಅಂತರ ನನಗೆ ಅರಿವಳಿಕೆಯ ಇತಿಹಾಸದ ತಿರುಳಾಗಿ ಕಾಣುತ್ತದೆ.

ಹಾಗಾದರೆ ಮೆದುಳನ್ನೇ ಕೇಳೋಣ ಎಂದವರು ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯತ್ತ ತಿರುಗಿದ್ದರು. ಹಣೆಗೆ ಪಟ್ಟಿ ಅಂಟಿಸಿ ಆ ಅಲೆಗಳನ್ನು 0ಯಿಂದ 100ರ ನಡುವಿನ ಒಂದು ಸಂಖ್ಯೆಗೆ ಇಳಿಸುವ ಬಿಸ್ ಯಂತ್ರಕ್ಕೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 40ರಿಂದ 60 ಇದ್ದರೆ ತಕ್ಕ ಆಳ. ಎಚ್ಚರವಾಗುವ ಅಪಾಯ ಹೆಚ್ಚಿದ್ದ ಸುಮಾರು 2,500 ಜನರ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಯಂತ್ರವಿದ್ದ ಗುಂಪಿನಲ್ಲಿ ಎಚ್ಚರವಾದವರು 2, ಇಲ್ಲದ ಗುಂಪಿನಲ್ಲಿ 11. ನಾಲ್ಕು ವರ್ಷದ ಬಳಿಕ ಸೇಂಟ್ ಲೂಯಿಸ್‌ನ ಮೈಕಲ್ ಅವಿಡನ್ ತಂಡ ಬೇರೆ ಹೋಲಿಕೆ ಮಾಡಿತು. ಒಂದು ಗುಂಪಿಗೆ ಬಿಸ್. ಇನ್ನೊಂದು ಗುಂಪಿನಲ್ಲಿ ರೋಗಿ ಹೊರಬಿಡುವ ಉಸಿರಿನ ಅನಿಲವನ್ನು 0.7ರಿಂದ 1.3 ಮ್ಯಾಕ್ ಒಳಗೆ ಕಾಯುವುದು. ಎರಡರಲ್ಲೂ ಇಬ್ಬಿಬ್ಬರಿಗೆ ಎಚ್ಚರವಾಗಿತ್ತು. ಶ್ರದ್ಧೆಯಿಂದ ಕಾಯ್ದರೆ ಹಳೆಯ ಅಳತೆಗೋಲೂ ಕೈಬಿಡುವುದಿಲ್ಲ.

ಕಾಯುವುದೆಂದರೆ ಗುಂಡಿ ತಿರುಗಿಸಿ ಕೂರುವುದಲ್ಲ. ಉರಿ ಜೋರು ಮಾಡಿದ ಕೂಡಲೇ ಅನ್ನ ಬೇಯದು. ಮದ್ದನ್ನು ಆವಿಯಾಗಿಸಿ ಕೊಡುವ ವೇಪರೈಸರ್ ಏರಿಸಿದ ಕೂಡಲೇ ಮೆದುಳಿಗೆ ಅಷ್ಟು ಅನಿಲ ತಲುಪದು. ಅದಕ್ಕೇ ಕಣ್ಣಿಡುವುದು ಹೊರಬರುವ ಉಸಿರಿನ ಮೇಲೆ. ವಯಸ್ಸು ಹತ್ತು ವರ್ಷ ಏರಿದಂತೆ ಬೇಕಾದ ಪ್ರಮಾಣ ಸುಮಾರು ಶೇ 6 ಇಳಿಯುತ್ತದೆ. ನಲವತ್ತರವರಿಗೆ ಹಿತವಾದದ್ದು ಎಂಬತ್ತರ ಅಜ್ಜಿಯ ರಕ್ತದೊತ್ತಡವನ್ನು ಕುಸಿಸಬಹುದು. ನೋವಿನ ಮದ್ದು ಕೊಟ್ಟಿದ್ದರೆ ಇನ್ನೂ ಕಡಿಮೆ ಸಾಕು. ಬಿಸ್ ಕೂಡ ಮೋಸಹೋಗುತ್ತದೆ: ಕೆಟಮಿನ್ ಎಂಬ ಅರಿವಳಿಕೆ ಮದ್ದು ಕೊಟ್ಟರೆ ಆಳದಲ್ಲಿರುವವರಿಗೂ ಸಂಖ್ಯೆ ಏರಬಹುದು.

ಬ್ರಿಟನ್ನಿನಲ್ಲಿ 2014ರಲ್ಲಿ ಹೊರಬಂದ ದೊಡ್ಡ ಸಮೀಕ್ಷೆಯ ಪ್ರಕಾರ, ನಡುವೆ ಎಚ್ಚರವಾಗಿತ್ತೆಂದು ತಾವಾಗಿ ಹೇಳಿಕೊಂಡವರು ಸುಮಾರು 19,000ಕ್ಕೆ ಒಬ್ಬರು. ಧೈರ್ಯ ಕೊಡುವ ಲೆಕ್ಕ. ಆದರೆ ಅದು ನೆನಪಿಟ್ಟವರ ಲೆಕ್ಕ. ಎಚ್ಚರವಿದೆಯೇ ಎಂದು ಆ ಹೊತ್ತಿನಲ್ಲೇ ಕೇಳಿ ತಿಳಿಯಲು 1977ರಲ್ಲಿ ಮೈಕಲ್ ಟನ್‌ಸ್ಟಾಲ್ ಸಿಸೇರಿಯನ್ ತಾಯಂದಿರಿಗಾಗಿ ಒಂದು ಉಪಾಯ ಮಾಡಿದ್ದರು. ಸ್ನಾಯು ಸಡಿಲಿಸುವ ಮದ್ದು ಕೊಡುವ ಮುನ್ನ ಒಂದು ತೋಳಿಗೆ ರಕ್ತದೊತ್ತಡ ನೋಡುವ ಪಟ್ಟಿ ಬಿಗಿಯುವುದು. ಮದ್ದು ಆ ಕೈಗೆ ಇಳಿಯದು. ಆಮೇಲೆ ಕಿವಿಯ ಬಳಿ ಬಾಗಿ, ‘ಕೇಳಿಸುತ್ತಿದ್ದರೆ ನನ್ನ ಕೈ ಒತ್ತಿ’ ಎನ್ನುವುದು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉಸಿರಿನ ನಳಿಕೆ ಇಳಿಸಿದ ಬಳಿಕ, 260 ಜನರನ್ನು ಹೀಗೆ ಕೇಳಲಾಯಿತು. ಹನ್ನೆರಡು ಜನ ಕೈ ಒತ್ತಿದರು. ನೋವಾಗುತ್ತಿದ್ದರೆ ಇನ್ನೊಮ್ಮೆ ಒತ್ತಿ ಎಂದಾಗ, ಐವರು ಒತ್ತಿದರು.