ಮನೆ ಮಾರುವ ಮುನ್ನ: ಅಂದಗೊಳಿಸಿ, ದೋಷ ಮುಚ್ಚಿಡದಿರಿ

ಮನೆ ಮಾರಬಯಸುವವರು ದಲ್ಲಾಳಿಯನ್ನು ಕರೆಯುವ ಮೊದಲು ಪೊರಕೆ ಹಿಡಿಯುವುದು ಲೇಸು. ಕೊಳ್ಳಲು ಬಂದವರ ಗಮನ ಮೊದಲು ಹರಿಯುವುದು ಬೆಳಕು, ಜಾಗ ಹಾಗೂ ಸ್ವಚ್ಛತೆಯತ್ತ. ಇವಿಷ್ಟನ್ನು ಒದಗಿಸಲು ಒಳಾಂಗಣ ವಿನ್ಯಾಸಕಾರರೇ ಬೇಕೆಂದಿಲ್ಲ.

ಅಟ್ಟದ ಮೇಲಿನ ಹಳೆಯ ಸಾಮಾನು, ಬಾಲ್ಕನಿಯ ಮುರಿದ ಕುರ್ಚಿಗಳನ್ನು ತೆರವುಗೊಳಿಸಿದರೆ ಮನೆ ವಿಶಾಲವಾಗಿ ಕಾಣುತ್ತದೆ. ಸೋರುವ ನಲ್ಲಿ, ಸಡಿಲವಾದ ಚಿಲಕ, ಉರಿಯದ ದೀಪಗಳನ್ನು ಸರಿಪಡಿಸಬೇಕು. ತಿಳಿಬಣ್ಣದ ಗೋಡೆಗಳು ಕೋಣೆಯ ಬೆಳಕನ್ನು ಹೆಚ್ಚಿಸುತ್ತವೆ. ಮನೆ ತೋರಿಸಲು ಹಗಲು ಹೊತ್ತೇ ಸೂಕ್ತ.

ಆದರೆ ಸಿಂಗಾರಕ್ಕೂ ಮಿತಿಯುಂಟು. ಮಳೆಗಾಲದಲ್ಲಿ ಸೋರುವ ಛಾವಣಿಯ ಕಲೆಗಳನ್ನು ಬಣ್ಣದಿಂದ ಮರೆಮಾಚುವುದು ಜಾಣತನವಲ್ಲ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದಲ್ಲಿ, ತನಗೆ ತಿಳಿದಿರುವ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಪತ್ತೆಯಾಗದ ಮಹತ್ವದ ದೋಷವನ್ನು ಮಾರುವವರು ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮು ವಿಧಿಸುತ್ತದೆ. ತಿಳಿಸದಿರುವುದನ್ನು ಅದು ವಂಚನೆಯೆಂದೇ ಪರಿಗಣಿಸುತ್ತದೆ. ಆದ್ದರಿಂದ ಮೊದಲು ಸೋರಿಕೆ ತಡೆದು, ಗೋಡೆ ಒಣಗಿದ ಮೇಲೆ ಬಣ್ಣ ಬಳಿಯುವುದೇ ಸರಿಯಾದ ಕ್ರಮ.

ಖಾತಾ, ಋಣಭಾರ ಪ್ರಮಾಣಪತ್ರ, ಆಸ್ತಿ ತೆರಿಗೆ ರಸೀದಿಗಳನ್ನೂ ಸಿದ್ಧವಾಗಿಟ್ಟುಕೊಳ್ಳಬೇಕು. ಅಂದವಾದ ಮನೆ ಕೊಳ್ಳುವವರನ್ನು ಬಾಗಿಲವರೆಗೆ ಕರೆತಂದೀತು. ವ್ಯವಹಾರ ಕುದುರಿಸುವುದು ನಂಬಿಕೆಯೇ.