ಎಂಟು ಗೂಟಗಳ ನಿಯಮ

ಪರಿಗ್ರಹವೆಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಭೂಮಿ, ಬಂಗಾರ, ಬ್ಯಾಂಕಿನ ಠೇವಣಿಗಳ ಕಡೆಗೆ ಓಡುತ್ತದೆ. ಅವು ಹೆಚ್ಚಾಗಿಲ್ಲದ ಗೃಹಸ್ಥನು ತನಗೂ ಆ ದೋಷಕ್ಕೂ ಸಂಬಂಧವಿಲ್ಲವೆಂದು ಭಾವಿಸಿ ನೆಮ್ಮದಿಯಿಂದಿರುತ್ತಾನೆ. ಆದರೆ ಮನೆಯ ಮುಂಬಾಗಿಲ ಪಕ್ಕದಲ್ಲಿರುವ ಒಂದು ಸಣ್ಣ ಕಪಾಟನ್ನು ತೆರೆದು ನೋಡಿದರೆ ಸಾಕು, ಆ ನೆಮ್ಮದಿ ಎಷ್ಟು ತೆಳುವಾದುದೆಂದು ತಿಳಿಯುತ್ತದೆ. ಕಳೆದ ದಶಲಕ್ಷಣ ಪರ್ವದಲ್ಲಿ ನನಗೆ ಈ ಪಾಠ ಬಸದಿಯ ಪ್ರವಚನದಿಂದ ದೊರೆಯಲಿಲ್ಲ. ಮಳೆಕೋಟು, ಸ್ವೆಟರುಗಳನ್ನು ತುಂಬಿಟ್ಟ ಒಂದು ಕಪಾಟಿನಿಂದ ದೊರೆಯಿತು.

ನಮ್ಮ ತಾಯಿಯ ಮನೆ ಮಲೆನಾಡಿನಲ್ಲಿದೆ. ಹಿಂದೆ ಅಲ್ಲಿ ಜಗಲಿಯ ಗೋಡೆಗೆ ಸಾಲಾಗಿ ಮರದ ಗೂಟಗಳಿದ್ದವು. ಮಳೆಗಾಲದಲ್ಲಿ ಕಂಬಳಿ, ಗೊರಬುಗಳು ಅವುಗಳ ಮೇಲೆ ತೂಗುತ್ತಿದ್ದವು. ಯಾರದು ಹರಿದಿದೆ, ಯಾರದು ಒದ್ದೆಯಾಗಿದೆ ಎಂಬುದು ಮನೆಯೊಳಗೆ ಬಂದವರಿಗೆಲ್ಲ ಕಾಣುತ್ತಿತ್ತು. ಮನೆಯನ್ನು ದುರಸ್ತಿ ಮಾಡಿಸಿದಾಗ ಜಗಲಿಯಿಂದ ನಡುಮನೆಗೆ ಹೋಗುವ ದಾರಿಯಲ್ಲಿ ಮೂರು ಅಡಿ ಅಗಲದ ಗೋಡೆಕಪಾಟು ಸಿದ್ಧವಾಯಿತು. ಹಳೆಯ ಗೂಟಗಳಲ್ಲಿ ಎಂಟನ್ನು ಅದರೊಳಗೆ ಹೂಡಿದರು, ಮೇಲೊಂದು ಹಲಗೆಯಿಟ್ಟರು, ಬಾಗಿಲು ಹಚ್ಚಿದರು. ಬಾಗಿಲು ಬಂದ ಮೇಲೆ ಒಳಗಿರುವುದು ಕಾಣದಾಯಿತು. ಕಾಣದೆ ಇದ್ದುದರಿಂದಲೇ ಅದು ಬೆಳೆಯತೊಡಗಿತು.

ಕಳೆದ ಭಾದ್ರಪದದ ಹೊತ್ತಿಗೆ ಆ ಕಪಾಟಿನ ಬಾಗಿಲು ಮುಚ್ಚಲು ಒಬ್ಬರು ಮೊಣಕಾಲು ಒತ್ತಿ ಹಿಡಿದು, ಇನ್ನೊಬ್ಬರು ಚಿಲಕ ಹಾಕಬೇಕಾಗಿತ್ತು. ಅಣ್ಣನು ಬೇಸತ್ತು, “ಇನ್ನೊಂದು ಕಪಾಟು ಮಾಡಿಸಿಬಿಡೋಣ ಅಮ್ಮಾ” ಎಂದನು. ಅಂದು ಪರ್ವದ ಎಂಟನೆಯ ದಿನ, ಉತ್ತಮ ತ್ಯಾಗಧರ್ಮದ ದಿನ. ಬಸದಿಯಿಂದ ಆಗತಾನೆ ಬಂದಿದ್ದ ಅಮ್ಮ, “ಇರೋದನ್ನ ಮೊದಲು ಹೊರಗೆ ತೆಗೀರಿ. ಆಮೇಲೆ ಇನ್ನೊಂದರ ಮಾತು” ಎಂದರು.

ಅಣ್ಣನ ಮಾತು ನಮ್ಮೆಲ್ಲರ ಮಾತೂ ಹೌದು. ವಸ್ತು ಹೆಚ್ಚಾದಾಗ ಸ್ಥಳ ಸಾಲದೆಂದು ತೋರುತ್ತದೆಯೇ ಹೊರತು ವಸ್ತು ಹೆಚ್ಚಾಗಿದೆಯೆಂದು ತೋರುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಅಳತೆಗೆ ಒಳಪಡಬೇಕಾದುದು ಕಪಾಟಲ್ಲ, ಇಚ್ಛೆ. ಈ ವ್ರತಕ್ಕೆ ಅವರು ಹೇಳುವ ಅತಿಚಾರಗಳು ಐದು: ಲೋಭದಿಂದ ಮಿತಿಮೀರಿ ಓಡಿಸುವ ಅತಿವಾಹನ, ಕೂಡಿಡುವ ಅತಿಸಂಗ್ರಹ, ಪರರ ಲಾಭವನ್ನು ಕಂಡು ಬೆರಗಾಗಿ ಕುದಿಯುವ ವಿಸ್ಮಯ, ದೊರೆತಷ್ಟೂ ಸಾಲದೆನ್ನುವ ಲೋಭ ಮತ್ತು ಹೊರಲಾರದಷ್ಟು ಹೊರಿಸುವ ಅತಿಭಾರವಹನ. ಅತಿಭಾರವಹನವೆಂದರೆ ಮುಖ್ಯವಾಗಿ ಎತ್ತು, ಕತ್ತೆಗಳ ಮೇಲೆ ಹೇರುವ ಹೊರೆ. ಆದರೆ ಒಂದೇ ಗೂಟಕ್ಕೆ ಏಳು ಬಟ್ಟೆಗಳನ್ನು ಸಿಕ್ಕಿಸುವ ಕೈಯ ಹಿಂದೆ ಇರುವುದೂ ಅದೇ ಮನಸ್ಸಲ್ಲವೇ?

ಚಾಪೆಗಳನ್ನು ಹಾಸಿ ಎಲ್ಲವನ್ನೂ ಜಗಲಿಗೆ ತಂದೆವು. ಅಮ್ಮ ಒಂದೊಂದನ್ನೂ ಎಣಿಸಿ ಬರೆದಿಡಲು ಹೇಳಿದರು. ಮಳೆಕೋಟು 7, ಛತ್ರಿ 11, ಸ್ವೆಟರು 9, ಶಾಲು 23, ಮಫ್ಲರು ಮತ್ತು ಉಣ್ಣೆಯ ಟೋಪಿ 6, ಕಂಬಳಿ 2, ಎಂಟನೆಯ ಗೂಟದಲ್ಲಿ ಅಪ್ಪನ ಕರಿ ಕೋಟು 1. ಐದು ಜನರಿರುವ ಮನೆಯಲ್ಲಿ ಮಳೆ ಮತ್ತು ಚಳಿಗೆಂದು ಒಟ್ಟು 59 ವಸ್ತುಗಳು! ಹನ್ನೊಂದು ಛತ್ರಿಗಳಲ್ಲಿ ನೆಟ್ಟಗೆ ಬಿಚ್ಚಿಕೊಂಡವು ಐದು ಮಾತ್ರ. ಏಳು ಮಳೆಕೋಟುಗಳಲ್ಲಿ ಎರಡು, ಈಗ ಕಾಲೇಜು ಮುಗಿಸಿರುವ ಅಣ್ಣನ ಮಗ ಪ್ರಾಥಮಿಕ ಶಾಲೆಗೆ ಹೋಗುವಾಗ ತೊಟ್ಟವು.

ಬಟ್ಟೆಯೂ ಪರಿಗ್ರಹವೇ ಎಂಬ ಸಂದೇಹ ಯಾರಿಗಾದರೂ ಬಂದೀತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಪ್ರಮಾಣ ಮೀರಬಾರದ ವಸ್ತುಗಳನ್ನು ಹೇಳುವಾಗ ಹೊಲ, ಮನೆ, ಚಿನ್ನ, ಧಾನ್ಯಗಳೊಡನೆ ಕುಪ್ಯವನ್ನೂ ಸೇರಿಸಿದ್ದಾರೆ. ಕುಪ್ಯವೆಂದರೆ ನಾರು, ಹತ್ತಿ, ರೇಷ್ಮೆಗಳ ವಸ್ತ್ರ ಮತ್ತು ಚಂದನ ಮೊದಲಾದವು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಬಂಗಾರದ ಲೆಕ್ಕವಿಡುವ ಶ್ರಾವಕನು ಬಟ್ಟೆಯ ಲೆಕ್ಕವನ್ನೂ ಇಡಬೇಕೆಂಬುದು ಹೊಸ ಮಾತೇನಲ್ಲ.

ಇಪ್ಪತ್ತಮೂರು ಶಾಲುಗಳ ಕಥೆ ಬೇರೆ. ನಮ್ಮ ತಂದೆ ಶಾಲೆಯ ಉಪಾಧ್ಯಾಯರಾಗಿದ್ದವರು. ನಿವೃತ್ತರಾದ ಮೇಲೆ ಊರಿನ ಸಭೆ ಸಮಾರಂಭಗಳಲ್ಲಿ ಹೊದಿಸಿದ ಶಾಲುಗಳು ಅವು. ಅವುಗಳಲ್ಲಿ ಬಹುಪಾಲನ್ನು ಒಮ್ಮೆಯೂ ಯಾರೂ ಹೊದೆದಿರಲಿಲ್ಲ. ಅವು ನಮ್ಮ ಮನೆಯಲ್ಲಿ ಚಳಿಗಾಗಿ ಉಳಿದಿರಲಿಲ್ಲ, ಮರ್ಯಾದೆಗಾಗಿ ಉಳಿದಿದ್ದವು. ಬಾಹ್ಯ ಪರಿಗ್ರಹ ಹತ್ತು ಬಗೆಯಾದರೆ ಅಂತರಂಗ ಪರಿಗ್ರಹ ಹದಿನಾಲ್ಕು ಬಗೆಯದು. ಮಿಥ್ಯಾತ್ವದೊಡನೆ ಕ್ರೋಧ, ಮಾನ, ಮಾಯೆ, ಲೋಭಗಳು ಮತ್ತು ಹಾಸ್ಯಾದಿ ಒಂಬತ್ತು ನೋಕಷಾಯಗಳು ಅದರಲ್ಲಿ ಸೇರುತ್ತವೆ. ಶಾಲು ಹೊರಗಿನ ಪರಿಗ್ರಹ, ಅದರ ಮಡಿಕೆಯೊಳಗೆ ಸುತ್ತಿಟ್ಟ ಮಾನ ಒಳಗಿನದು. ಹೊರಗಿನದನ್ನು ಬಿಡಲು ಏಕೆ ಕೈ ಬರುವುದಿಲ್ಲವೆಂದು ಕೇಳಿಕೊಂಡರೆ ಒಳಗಿನದು ತಾನಾಗಿ ಕಾಣಿಸಿಕೊಳ್ಳುತ್ತದೆ.

ಕೊನೆಗೆ ಉಳಿದದ್ದು ಅಪ್ಪನ ಕೋಟು. ಅವರು ತೀರಿಕೊಂಡು ಮೂರು ವರ್ಷಗಳಾಗಿದ್ದವು. ಅದನ್ನು ಪ್ಲಾಸ್ಟಿಕ್ ಹೊದಿಕೆಯೊಳಗೆ ಇಟ್ಟು, ಹಿಂಬದಿಯ ಗೂಟಕ್ಕೆ ತೂಗುಹಾಕಿ, ಅಮ್ಮ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಚಳಿಗಾಲದಲ್ಲಿ ಅಡಕೆ ಕೊಯ್ಲಿಗೆ ಬರುವ ವೃದ್ಧರೊಬ್ಬರಿಗೆ ಅದನ್ನು ಕೊಡೋಣವೆಂದು ಅತ್ತಿಗೆ ಮೊದಲ ವರ್ಷವೇ ಕೇಳಿದ್ದರಂತೆ. ಅಮ್ಮ ಉತ್ತರ ಕೊಟ್ಟಿರಲಿಲ್ಲ. ಅಂದು ತಾವೇ ಹೊದಿಕೆಯನ್ನು ಬಿಚ್ಚಿದರು. ಕೊರಳಪಟ್ಟಿಯ ಕೆಳಗೆ, ಕಂಕುಳಲ್ಲಿ, ಬೆನ್ನಿನ ಮೇಲೆ ತೂತುಗಳು. ಮಡಿಕೆಗಳಲ್ಲಿ ಬಿಳಿಯ ಸಣ್ಣ ಹುಳುಗಳು ಮೆಲ್ಲನೆ ಚಲಿಸುತ್ತಿದ್ದವು. ಕೋಟಿಗೆ ನುಸಿ ಹಿಡಿದಿತ್ತು.

ಹಾರಾಡುವ ನುಸಿ ಬಟ್ಟೆಯನ್ನು ತಿನ್ನುವುದಿಲ್ಲ, ಅದರ ಮರಿಹುಳು ತಿನ್ನುತ್ತದೆ. ಉಣ್ಣೆ, ರೇಷ್ಮೆಗಳೇ ಅದಕ್ಕೆ ಆಹಾರ. ಕತ್ತಲೆ, ಯಾರೂ ಅಲುಗಿಸದ ಮೂಲೆ, ಬೆವರಿನ ಅಂಶ ಉಳಿದ ಬಟ್ಟೆ ಇವು ಅದಕ್ಕೆ ಪ್ರಿಯ. ಒಗೆಸದೆ, ಬಿಸಿಲು ಕಾಣಿಸದೆ, ಮೂರು ವರ್ಷ ಮುಟ್ಟದೆ ಇಟ್ಟ ಕೋಟಿನಲ್ಲಿ ಇವೆಲ್ಲವೂ ಒದಗಿದ್ದವು. ಅಮ್ಮ ಬಹಳ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಆಮೇಲೆ, “ಜೋಪಾನ ಮಾಡ್ತಿದೀನಿ ಅಂದ್ಕೊಂಡಿದ್ದೆ. ಮುಚ್ಚಿಟ್ಟಿದ್ದೆ ಅಷ್ಟೇ” ಎಂದರು.

ಮೂರ್ಛೆಯೇ ಪರಿಗ್ರಹ ಎಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಮೂರ್ಛೆಯೆಂದರೆ ವಸ್ತುವಿನಲ್ಲಿ ಮೈಮರೆತ ಮಮತೆ. ಈ ಲಕ್ಷಣವನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಪರಿಗ್ರಹವು ಹಿಂಸೆಗೆ ಕಾರಣವೆಂದು ಆಚಾರ್ಯರು ಏಕೆ ಹೇಳುತ್ತಾರೆಂಬುದು ಆ ಕೋಟಿನ ಮುಂದೆ ಕುಳಿತಾಗ ನನಗೆ ಸ್ಪಷ್ಟವಾಯಿತು. ಪ್ರೀತಿಯಿಂದ ಕೂಡಿಟ್ಟದ್ದು ಜೀವೋತ್ಪತ್ತಿಯ ತಾಣವಾಯಿತು. ಈಗ ಅದನ್ನು ಕೊಡವಿದರೆ ಹಿಂಸೆ, ಬಿಸಿನೀರಿಗೆ ಹಾಕಿದರೆ ಹಿಂಸೆ, ಕಪಾಟಿನಲ್ಲೇ ಬಿಟ್ಟರೆ ಉಳಿದ ಬಟ್ಟೆಗಳಿಗೂ ಹರಡಿ ಮುಂದೆ ಇನ್ನೂ ಹೆಚ್ಚಿನ ಹಿಂಸೆ. ನುಸಿಗುಳಿಗೆ ತರುತ್ತೇನೆಂದು ಅಣ್ಣ ಹೊರಟನು. ಅದರ ಆವಿ ಮುಚ್ಚಿದ ಕಪಾಟಿನಲ್ಲಿ ಹುಳುಗಳನ್ನು ಕೊಲ್ಲುತ್ತದೆ. ಅಡುಗೆ, ಕಸಗುಡಿಸುವಿಕೆಗಳಲ್ಲಿ ತಿಳಿಯದೆ ಆಗುವುದು ಆರಂಭಿ ಹಿಂಸೆ. ತ್ರಸಜೀವಗಳನ್ನು ಕಣ್ಣಾರೆ ಕಂಡು, ಸಾಯಲೆಂದೇ ಮಾಡುವುದು ಸಂಕಲ್ಪಿ ಹಿಂಸೆ. ಅಣುವ್ರತಿಯಾದ ಗೃಹಸ್ಥನಿಗೆ ಮೊದಲನೆಯದರಲ್ಲಿ ಎಚ್ಚರ ಬೇಕು, ಎರಡನೆಯದು ಸರ್ವಥಾ ವರ್ಜ್ಯ. ಅಮ್ಮ ಅಣ್ಣನನ್ನು ತಡೆದರು.

ಹಾಗಾದರೆ ಏನು ಮಾಡುವುದು? ತೂತುಬಿದ್ದ ಕೋಟನ್ನು ಯಾರಿಗೂ ಕೊಡುವಂತಿರಲಿಲ್ಲ. ದಾನದ ವಿಶೇಷವು ವಿಧಿ, ದ್ರವ್ಯ, ದಾತೃ, ಪಾತ್ರಗಳೆಂಬ ನಾಲ್ಕರಿಂದ ಬರುತ್ತದೆ. ದ್ರವ್ಯವೇ ಕೆಟ್ಟಿದ್ದರೆ ಅದು ದಾನವಾಗುವುದಿಲ್ಲ, ನಮ್ಮ ಮನೆಯ ಹೊರೆಯನ್ನು ಇನ್ನೊಬ್ಬರ ಮನೆಗೆ ಸಾಗಿಸಿದಂತಾಗುತ್ತದೆ. ಮೂರು ವರ್ಷಗಳ ಹಿಂದೆ ಕೊಟ್ಟಿದ್ದರೆ ಅದು ಆ ವೃದ್ಧರನ್ನು ಮೂರು ಚಳಿಗಾಲ ಬೆಚ್ಚಗಿಡುತ್ತಿತ್ತು. ಈ ನಷ್ಟವನ್ನು ತುಂಬುವ ಉಪಾಯ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮರುದಿನ ಉತ್ತಮ ಆಕಿಂಚನ್ಯಧರ್ಮದ ದಿನ. ‘ನನ್ನದು’ ಎಂಬ ಭಾವ ಹಿಂದೆಗೆಯುವುದೇ ಆಕಿಂಚನ್ಯ. ಬೆಳಿಗ್ಗೆ ಅಮ್ಮ ಕೋಟನ್ನು ಎರಡೂ ಕೈಗಳಲ್ಲಿ ಅಲುಗದಂತೆ ಹಿಡಿದು, ಈಗ ದನಗಳಿಲ್ಲದ ಹಿತ್ತಿಲ ಕೊಟ್ಟಿಗೆಗೆ ಹೋದರು. ಅಲ್ಲಿ ಬೇರೆ ಬಟ್ಟೆಬರೆಗಳಿರಲಿಲ್ಲ. ಅಟ್ಟದ ಮೂಲೆಯಲ್ಲಿ ಅದನ್ನು ಮಲಗಿಸಿ, “ಅವುಗಳ ಆಯುಷ್ಯ ಅವು ಕಳೆಯಲಿ. ಇದು ಇನ್ನು ಅವುಗಳದ್ದೇ” ಎಂದು ಹೇಳಿ ಬಂದರು. ಗಂಡನ ನೆನಪಿನ ವಸ್ತುವನ್ನು ಅವರು ಬಿಟ್ಟುಕೊಟ್ಟದ್ದು ಯಾರಿಗೂ ಕಾಣದ ಹುಳುಗಳಿಗೆ. ಆ ದಾನಕ್ಕೆ ಸಭೆಯಿರಲಿಲ್ಲ, ಶಾಲಿರಲಿಲ್ಲ.

ಅನಂತರ ಕಪಾಟನ್ನು ಕ್ರಮಗೊಳಿಸಿದೆವು. ಮನೆಯ ಐವರಿಗೆ ಐದು ಗೂಟ. ಒಬ್ಬೊಬ್ಬರಿಗೆ ಒಂದು ಮಳೆಕೋಟು, ಒಂದು ಸ್ವೆಟರು. ಆರನೆಯದಕ್ಕೆ ಕಂಬಳಿಗಳು, ಏಳನೆಯದಕ್ಕೆ ಟೋಪಿ ಮಫ್ಲರುಗಳ ಚೀಲ. ಅಪ್ಪನ ಕೋಟು ತೂಗುತ್ತಿದ್ದ ಎಂಟನೆಯ ಗೂಟ ಮನೆಗೆ ಬರುವವರಿಗೆ. ಕೆಳಗೆ ಐದು ಛತ್ರಿ. ಅಮ್ಮ ಹೊದೆಯುವ ಎರಡು ಶಾಲುಗಳನ್ನು ಮೇಲಿನ ಹಲಗೆಯಲ್ಲಿಟ್ಟೆವು. ಉಳಿದ ಇಪ್ಪತ್ತೊಂದನ್ನು ಬಿಡಿಸಿ ಪರೀಕ್ಷಿಸಿ, ಒಗೆದು ಒಣಗಿಸಿ, ತೋಟದ ಕೆಲಸದವರಿಗೂ ನೆರೆಯ ವೃದ್ಧರಿಗೂ ಕರುಣಾದಾನವಾಗಿ ಕೊಟ್ಟೆವು. ಮೊದಲ ಶಾಲು ಹೋದದ್ದು ಕೋಟು ದೊರೆಯದ ಆ ವೃದ್ಧರಿಗೆ.

ಬರಿದೇ ಜೋಡಿಸಿಟ್ಟರೆ ಒಂದು ಮಳೆಗಾಲದಲ್ಲಿ ಮತ್ತೆ ಮೊದಲಿನಂತೆಯೇ ಆಗುತ್ತದೆ. ಆದ್ದರಿಂದ ಅಮ್ಮ ಒಂದು ನಿಯಮ ಹಿಡಿದರು. ಭೋಗೋಪಭೋಗಪರಿಮಾಣ ವ್ರತವನ್ನು ಹೇಳುವಾಗ ಸಮಂತಭದ್ರರು ಒಮ್ಮೆ ಅನುಭವಿಸಿ ಬಿಡುವ ಆಹಾರಾದಿಗಳನ್ನು ಭೋಗವೆಂದೂ ಮತ್ತೆ ಮತ್ತೆ ಬಳಸುವ ವಸ್ತ್ರಾದಿಗಳನ್ನು ಉಪಭೋಗವೆಂದೂ ವಿಂಗಡಿಸುತ್ತಾರೆ. ಜೀವನಪರ್ಯಂತ ಹಿಡಿಯುವ ಮಿತಿ ಯಮ, ಕಾಲಮಿತಿಯಿಟ್ಟು ಹಿಡಿಯುವುದು ನಿಯಮ. ಯಮಕ್ಕೆ ಧೈರ್ಯ ಸಾಲದವನಿಗೂ ನಿಯಮದ ಬಾಗಿಲು ತೆರೆದಿದೆ. ಮುಂದಿನ ದಶಲಕ್ಷಣದವರೆಗೆ ಈ ಕಪಾಟಿನ ಪ್ರಮಾಣ ಎಂಟು ಗೂಟ. ಹೊಸದೊಂದು ಒಳಗೆ ಬಂದರೆ ಹಳೆಯದೊಂದು, ಇನ್ನೂ ಬಳಸುವಂತಿರುವಾಗಲೇ, ಹೊರಗೆ ಹೋಗಬೇಕು. ಇಷ್ಟೇ ಆ ನಿಯಮ.

ಅದರೊಡನೆ ಕೆಲವು ಅಭ್ಯಾಸಗಳು ಸೇರಿಕೊಂಡವು. ಒದ್ದೆಯಾದುದು ಜಗಲಿಯಲ್ಲಿ ಪೂರ್ಣ ಒಣಗಿದ ಮೇಲೆಯೇ ಒಳಗೆ ಬರಬೇಕು. ಬೆವರಿದ ಉಣ್ಣೆಬಟ್ಟೆಯನ್ನು ಒಗೆಯದೆ ಇಡಬಾರದು. ಪ್ರತಿ ಚತುರ್ದಶಿಯಂದು ಕಪಾಟಿನ ಬಾಗಿಲು ತೆರೆದು ಬೆಳಕು, ಗಾಳಿ ಆಡಲು ಬಿಡಬೇಕು. ಮಡಿಕೆಗಳನ್ನು ಬಿಡಿಸಿ ನೋಡಿ, ಮೆತ್ತನೆಯ ಬಟ್ಟೆಯಿಂದ ಮೂಲೆಗಳನ್ನು ಒರೆಸಿ, ಅನಂತರವೇ ಮತ್ತೆ ಇಡಬೇಕು. ನೋಡಿ ಎತ್ತುವುದು, ನೋಡಿ ಇಡುವುದು ಆದಾನನಿಕ್ಷೇಪಣ ಸಮಿತಿ. ಅದು ಮುನಿಗಳ ಐದು ಸಮಿತಿಗಳಲ್ಲಿ ಒಂದು, ಅಹಿಂಸಾವ್ರತದ ಐದು ಭಾವನೆಗಳಲ್ಲಿಯೂ ಒಂದು. ಧೂಳು ಬೆವರು ಹಿಡಿಯದ, ಮೃದುವೂ ಹಗುರವೂ ಆದ ನವಿಲುಗರಿಯ ಪಿಂಛಿ ಮುನಿಗಳ ಕೈಯಲ್ಲಿರುವುದು ಇದಕ್ಕಾಗಿಯೇ. ಜೀವ ಸೇರಿಕೊಂಡ ಮೇಲೆ ದಾರಿಗಳೆಲ್ಲ ಕಠಿನವಾಗುತ್ತವೆ. ಸೇರುವ ಮುನ್ನವೇ ಎಚ್ಚರವಿದ್ದರೆ ಶುಚಿತ್ವವೇ ಅಹಿಂಸೆಯಾಗುತ್ತದೆ.

ಶ್ರವಣಬೆಳಗೊಳದಲ್ಲಿ ಚಾವುಂಡರಾಯನು 981ರಲ್ಲಿ ನಿಲ್ಲಿಸಿದ 57 ಅಡಿಯ ಬಾಹುಬಲಿಯ ಮುಂದೆ ನಾವು ಕೈಮುಗಿದು ನಿಲ್ಲುತ್ತೇವೆ. ದಿಕ್ಕುಗಳನ್ನೇ ಉಟ್ಟು ಮಳೆ, ಚಳಿ, ಬಿಸಿಲಿಗೆ ಮೈಯೊಡ್ಡಿ ನಿಂತ ಆ ಸ್ವಾಮಿಯನ್ನು ನೋಡಿ ಮನೆಗೆ ಬಂದವರು, ಮಳೆಕೋಟುಗಳ ಕಪಾಟಿಗೆ ಚಿಲಕ ಹಾಕಲು ಮೊಣಕಾಲು ಒತ್ತುತ್ತೇವೆ. ಇದರಲ್ಲಿ ನಾಚಿಕೆಪಡಬೇಕಾದುದಿಲ್ಲ, ಗೃಹಸ್ಥನಿಂದ ಆ ನಿಲುವನ್ನು ಧರ್ಮವು ಇಂದೇ ಕೇಳುತ್ತಿಲ್ಲ. ಅದು ಕೇಳುವುದು ಅಳತೆಯನ್ನು. ಎಷ್ಟು ಬೇಕೆಂದು ನಾವೇ ನಿಶ್ಚಯಿಸಿ, ಅದನ್ನು ಮೀರದಿರುವಷ್ಟು ಪ್ರಾಮಾಣಿಕತೆಯನ್ನು.

ಓದುಗರು ತಮ್ಮ ಮನೆಯ ಬಾಗಿಲ ಬಳಿಯ ಕಪಾಟನ್ನೊಮ್ಮೆ ತೆರೆದು ನೋಡಬೇಕೆಂದು ಕೋರುತ್ತೇನೆ. ಎಣಿಸಿ ನೋಡಿ. ಯಾವ ವಸ್ತುವನ್ನು ಎಣಿಸುವಾಗ ಕೈ ತಡೆಯುತ್ತದೆಯೋ ಅದನ್ನು ಬೇರೆಯಾಗಿಟ್ಟು, ಅದು ಹೀಗೆಯೇ ಉಳಿಯುವುದರಿಂದ ಯಾರಿಗೆ ಹಿತ ಎಂದು ಕೇಳಿಕೊಳ್ಳಿ. ಅದನ್ನು ಇಂದೇ ಬಿಡಬೇಕಾಗಿಲ್ಲ. ಆದರೆ ಬಾಗಿಲನ್ನು ಮಾತ್ರ ಬಹುಕಾಲ ಮುಚ್ಚಿಡಬೇಡಿ.

ಮೊನ್ನೆ ಊರಿಗೆ ಹೋದಾಗ ಅಮ್ಮ ನನ್ನ ಸ್ವೆಟರನ್ನು ಎಂಟನೆಯ ಗೂಟಕ್ಕೆ ತೂಗುಹಾಕಿದರು. ಹೊರಡುವ ದಿನ ಅದನ್ನು ತಾವೇ ತೆಗೆದು ಕೊಟ್ಟು, ಗೂಟವನ್ನು ಸೆರಗಿನಿಂದ ಒಮ್ಮೆ ಒರೆಸಿ, ಬಾಗಿಲು ಹಾಕಿದರು. ಚಿಲಕ ಒಂದೇ ಬೆರಳಿಗೆ ಸರಿಯಿತು.